ನಮ್ಮ ಗಾಡಿಯಲ್ಲಿ ಮೂರು ತಲೆ

ಬೆಳಗಿನ ಐದೂವರೆಗೆ ನಮ್ಮ ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡವರಿಗೆ ಈ ಕಥೆಯ ಮೊದಲ ಭಾಗವನ್ನು ಹೇಳಬೇಕಾಗಿಲ್ಲ. ಗುಡ್ಡದ ಈಚೆ ಮನೆ ಬಾಡಿಗೆ ಕಡಿಮೆ, ಕೆಲಸವೆಲ್ಲ ಗುಡ್ಡದ ಆಚೆ. ಹಾಗಾಗಿ ಈಚೆಯ ಊರುಗಳೆಲ್ಲ ಒಂದೇ ಹೊತ್ತಿಗೆ ಎದ್ದು ಒಂದೇ ರಸ್ತೆಗೆ ಇಳಿಯುತ್ತವೆ. ನಾಲ್ಕು ಸಾಲು ಗಾಡಿಗಳು ಇಂಚಿಂಚೇ ತೆವಳುತ್ತವೆ. ಎಡತುದಿಯ ಐದನೆಯ ಸಾಲಿನಲ್ಲಿ ಮಾತ್ರ ಗಾಡಿಗಳು ಸುಯ್ಯೆಂದು ಹೋಗುತ್ತವೆ. ಅದು ಎಕ್ಸ್‌ಪ್ರೆಸ್ ಲೇನ್. ಅದರ ಮೇಲೊಂದು ದೊಡ್ಡ ಬೋರ್ಡು, ಬೋರ್ಡಿನಲ್ಲಿ ಟೋಲಿನ ದರ. ಗಾಡಿಗಳು ಹೆಚ್ಚಾದಂತೆ ದರವೂ ಏರುತ್ತದೆ. ಆ ಅಂಕಿ ಕಂಡ ಕೂಡಲೇ ನಾವು ಮುಖ ತಿರುಗಿಸಿಬಿಡುತ್ತಿದ್ದೆವು. ಅಂಕಿಯ ಕೆಳಗೆ ಇನ್ನೂ ಒಂದು ಸಾಲು ಬರೆದಿತ್ತು. ಅದನ್ನು ಓದುವ ಗೋಜಿಗೇ ಹೋಗಿರಲಿಲ್ಲ.

ನನ್ನ ಹೆಸರು ತೋಮಾಸಾ. ಕ್ಯಾಲಿಫೋರ್ನಿಯಾದ ಈ ಕಣಿವೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಗುಡ್ಡದಾಚೆಯ ಒಂದು ಕಾಲೇಜಿನಲ್ಲಿ ಕೋಣೆಗಳನ್ನು ಗುಡಿಸಿ ಒರೆಸುವ ಕೆಲಸ ನನ್ನದು. ಒತಿಲಿಯಾ ಬರಾಹಾಸ್ ಕೂಡ ಅಲ್ಲೇ ನನ್ನ ಜೊತೆ ಕೆಲಸ ಮಾಡುತ್ತಾಳೆ. ನನಗಿಂತ ಹದಿನೆಂಟು ವರ್ಷ ಚಿಕ್ಕವಳು. ನಮ್ಮ ಬೀದಿಯ ಕೊನೆಯ ಮನೆಯವಳು. ಅವಳ ಹತ್ತಿರ ಹಳೆಯದೊಂದು ಬೂದು ಬಣ್ಣದ ವ್ಯಾನಿದೆ. ದಿನಾ ನನ್ನನ್ನು ಮನೆ ಬಾಗಿಲಿನಿಂದ ಹತ್ತಿಸಿಕೊಂಡು ಹೋಗುತ್ತಾಳೆ. ಹಿಂದಿನ ಸೀಟಿನಲ್ಲಿ ಅವಳ ಏಳು ತಿಂಗಳ ಮಗಳು ನೋಯೆಮಿ ಇರುತ್ತಾಳೆ. ಕಾಲೇಜಿನಲ್ಲಿ ಕೆಲಸದವರ ಮಕ್ಕಳಿಗೆಂದೇ ಒಂದು ಶಿಶುವಿಹಾರವಿದೆ. ಮಗುವನ್ನು ಅಲ್ಲಿ ಬಿಟ್ಟು, ಏಳು ಗಂಟೆಗೆ ನಾವು ಹಾಜರಿ ಹಾಕಬೇಕು.

ಹೋದ ನವೆಂಬರಿನ ಒಂದು ಸೋಮವಾರ ನಾವು ತಲುಪಿದಾಗ ಏಳು ಗಂಟೆ ಹನ್ನೊಂದು ನಿಮಿಷ. ಅದು ಒತಿಲಿಯಾಳ ಎರಡನೆಯ ತಡ. ನಮ್ಮ ಮೇಲ್ವಿಚಾರಕ ವಿಟ್ಲಾಕ್ ಬಾಗಿಲಲ್ಲೇ ನಿಂತಿದ್ದರು. ಮೂರು ತಿಂಗಳಲ್ಲಿ ಮೂರು ಸಲ ತಡವಾದರೆ ಸಂಜೆಯ ಪಾಳಿಗೆ ಹಾಕುತ್ತೇನೆ, ಅದು ನಿಯಮ, ನನ್ನ ಕೈಯಲ್ಲೇನೂ ಇಲ್ಲ ಎಂದರು. ಸಂಜೆಯ ಪಾಳಿ ಮುಗಿಯುವುದು ರಾತ್ರಿ ಹತ್ತಕ್ಕೆ. ಶಿಶುವಿಹಾರ ಐದಕ್ಕೇ ಬಾಗಿಲು ಹಾಕುತ್ತದೆ. ಅಂದರೆ ಇನ್ನೊಂದು ಸಲ ತಡವಾದರೆ ಒತಿಲಿಯಾ ಕೆಲಸ ಬಿಡಬೇಕು, ಅಷ್ಟೇ.

ಅವಳು ತಲೆ ಆಡಿಸಿ ಒಳಗೆ ಹೋದಳು. ಬಕೆಟ್ಟಿಗೆ ನೀರು ತುಂಬಿಸುವಾಗ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದಳು. ಅದೇ ವಿಟ್ಲಾಕರ ಬಿಳಿ ಕಾರು ಆರೂಕಾಲಿಗೆ ಎಡಗಡೆಯ ಲೇನಿನಲ್ಲಿ ನಮ್ಮನ್ನು ದಾಟಿಹೋಗಿದ್ದನ್ನು ಅವಳು ಕಂಡಿದ್ದಳು. ಕಾರಿನಲ್ಲಿ ಇದ್ದದ್ದು ಅವರೊಬ್ಬರೇ.

"ಅವರೊಬ್ರಿಗೆ ಅಷ್ಟು ದೊಡ್ಡ ರಸ್ತೆ, ನಾವು ಮೂರು ಜನ ಇಲ್ಲಿ ಕೊಳೀಬೇಕು. ಇದು ಯಾವ ನ್ಯಾಯ ಅಕ್ಕ?"

ನಾನು ಬಕೆಟ್ ಎತ್ತಿಕೊಂಡು ಮೊದಲ ಕೋಣೆಗೆ ನಡೆದೆ.

ಅವತ್ತು ಸಂಜೆ ನಾನು ಅವಳ ಮನೆಗೆ ಹೋದೆ. ಅವಳ ಗಂಡ ರುಫೀನೊ ಟೈರ್ ಅಂಗಡಿಯಿಂದ ಆಗತಾನೇ ಬಂದು ಕೈ ತೊಳೆಯುತ್ತಿದ್ದ. ಒತಿಲಿಯಾ ಬೀನ್ಸ್ ಬೇಯಿಸಿ ತೋರ್ತಿಯಾ ರೊಟ್ಟಿ ಬಿಸಿ ಮಾಡುತ್ತಿದ್ದಳು. ಆ ಲೇನಿನಲ್ಲಿ ಯಾರು ಯಾರು ಹೋಗಬಹುದು ಎಂದು ಅವಳು ಗಂಡನನ್ನು ಕೇಳಿದಳು. ರುಫೀನೊ ನಕ್ಕ.

"ದುಡ್ಡಿರೋರು ಹೋಗ್ಬೋದು. ನಿನ್ ಹೆಸರು ಆ ಪಟ್ಟೀಲಿಲ್ಲ, ಬಿಡು."

ತನ್ನ ಅಂಗಡಿಗೆ ಬರುವ ಒಬ್ಬನ ಕಥೆಯನ್ನೂ ಹೇಳಿದ. ಅವನು ಒಂದೇ ಒಂದು ದಿನ ಆ ಲೇನಿಗೆ ಹೋಗಿದ್ದನಂತೆ. ಕ್ಯಾಮೆರಾ ಫೋಟೊ ಹೊಡೆದು, ಮನೆಗೆ ಕಾಗದ ಬಂದು, ಆ ಕಾಗದಕ್ಕೆ ಇನ್ನೊಂದು ಕಾಗದ ಹುಟ್ಟಿ, ಕೊನೆಗೆ ಗಾಡಿಯ ನೋಂದಣಿಯೇ ನಿಂತುಹೋಯಿತಂತೆ. ಸರ್ಕಾರದ ಕಾಗದ ಮನೆಗೆ ಬಾರದ ಹಾಗೆ ಬದುಕುವುದೇ ಜಾಣತನ ಎಂದ. ರುಫೀನೊನ ಮಾತನ್ನು ನಾನು ತಪ್ಪೆನ್ನಲಾರೆ. ಅವನು ಒಂಬತ್ತು ವರ್ಷದವನಿದ್ದಾಗ ಅಪ್ಪ ಅಮ್ಮನ ಕೈ ಹಿಡಿದು ಗಡಿ ದಾಟಿ ಬಂದವನು. ಯಾವ ಆಫೀಸಿನವರ ಕಣ್ಣಿಗೂ ಬೀಳಬೇಡ ಎನ್ನುವುದೇ ಅವನಿಗೆ ಮನೆಯಲ್ಲಿ ಕಲಿಸಿದ ಮೊದಲ ಪಾಠ. ಈಗ ಅವನ ಕಾಗದಪತ್ರಗಳೆಲ್ಲ ಸರಿಯಾಗಿವೆ. ಭಯ ಮಾತ್ರ ಹಾಗೇ ಉಳಿದಿದೆ.

ಒತಿಲಿಯಾ ತೋರ್ತಿಯಾ ಮಗುಚಿ ಹಾಕುತ್ತಾ, ಆ ಪಟ್ಟಿ ಯಾರ ಹತ್ತಿರ ಇದೆಯೋ ಅವರನ್ನೇ ಕೇಳುತ್ತೇನೆ ಎಂದಳು.

ನಮ್ಮೂರಿನ ಲೈಬ್ರರಿಯಲ್ಲಿ ಶನಿವಾರ ಪೆರ್ಪೆತುವಾ ಕಿಯಾಂಬಾವ್ ಎನ್ನುವವರು ಒಂದು ಮೇಜು ಹಾಕಿಕೊಂಡು ಕೂರುತ್ತಾರೆ. ಫಿಲಿಪೀನ್ಸಿನವರು, ಎಪ್ಪತ್ತರ ಹತ್ತಿರದವರು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಫಾರ್ಮು ತುಂಬಲು ಬಾರದವರಿಗೆ ತುಂಬಿಕೊಡುತ್ತಾರೆ, ಬಂದ ಕಾಗದ ಅರ್ಥವಾಗದವರಿಗೆ ಓದಿ ಹೇಳುತ್ತಾರೆ. ಊರೆಲ್ಲ ಅವರನ್ನು ಪೆಪಾಂಗ್ ಅಕ್ಕ ಎನ್ನುತ್ತದೆ. ನಾವು ಹೋದೆವು. ರುಫೀನೊ ಕೂಡ ಬಂದ. ತನ್ನ ಮಾತೇ ನಿಜವೆಂದು ಕೇಳಿಸಿಕೊಳ್ಳುವ ಆಸೆ ಅವನಿಗೆ.

ಪೆಪಾಂಗ್ ಅಕ್ಕ ಮೊದಲು ಕೇಳಿದ್ದು, ಗಾಡಿಯಲ್ಲಿ ಎಷ್ಟು ಜನ ಹೋಗುತ್ತೀರಿ ಎಂದು. ಇಬ್ಬರು ಮತ್ತು ಮಗು ಎಂದಳು ಒತಿಲಿಯಾ.

"ಇಬ್ರು ಮತ್ತು ಮಗು ಅಂತ ಯಾಕಮ್ಮ ಹೇಳ್ತೀಯ? ಮೂರು ಜನ ಅನ್ನು."

"ಮಗೂನೂ ಲೆಕ್ಕಕ್ಕೆ ಬರುತ್ತಾ?"

"ಮಗು ಮನುಷ್ಯ ಅಲ್ವಾ? ಉಸಿರಾಡ್ಬೇಕು, ತನ್ನ ಸೀಟಲ್ಲಿ ಬೆಲ್ಟ್ ಹಾಕ್ಕೊಂಡು ಕೂತಿರ್ಬೇಕು. ವಯಸ್ಸು ಯಾರೂ ಕೇಳಲ್ಲ."

ಆಮೇಲೆ ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ನಮ್ಮ ಹೆದ್ದಾರಿಯ ಎಕ್ಸ್‌ಪ್ರೆಸ್ ಲೇನಿನಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಗಾಡಿಗೆ ಟೋಲ್ ಇಲ್ಲ. ಇಬ್ಬರಿದ್ದರೆ ಅರ್ಧ. ಒಬ್ಬರೇ ಇದ್ದರೆ ಪೂರ್ತಿ. ಸಾರ್ವಜನಿಕ ಬಸ್ಸಿಗೆ ಇಲ್ಲ, ಕೆಲಸಗಾರರು ಒಟ್ಟಾಗಿ ಹೋಗುವ ದೊಡ್ಡ ವ್ಯಾನಿಗೆ ಇಲ್ಲ. ಆದರೆ ಒಂದು ಷರತ್ತು. ಮುಂದಿನ ಗಾಜಿಗೆ ಅಂಟಿಸುವ ಟ್ಯಾಗ್ ಇರಲೇಬೇಕು. ಆ ಟ್ಯಾಗಿನಲ್ಲಿ ಒಂದು ಪುಟ್ಟ ಗುಂಡಿಯಿದೆ, ಒಂದು, ಎರಡು, ಮೂರು ಎಂದು ಸರಿಸುವಂಥದ್ದು. ಹೊರಡುವ ಮೊದಲು ಗಾಡಿಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟಕ್ಕೆ ಸರಿಸಬೇಕು. ಮೂರು ಜನ ಕೂತು, ಟ್ಯಾಗ್ ಇಲ್ಲದೆ ಹೋದರೆ ಕ್ಯಾಮೆರಾಗೆ ನಿಮ್ಮ ತಲೆಗಳು ಕಾಣುವುದಿಲ್ಲ, ನಂಬರ್ ಪ್ಲೇಟು ಮಾತ್ರ ಕಾಣುತ್ತದೆ. ಟೈರ್ ಅಂಗಡಿಯ ಗಿರಾಕಿಗೆ ಕಾಗದ ಬಂದಿದ್ದು ಹಾಗೇ ಇರಬೇಕು ಎಂದರು.

ರುಫೀನೊ ಬಿಡಲಿಲ್ಲ. "ಹಂಗಾದ್ರೆ ನಮ್ಮ ನಾಯೀನ ಕೂರಿಸ್ಕೊಂಡು ಹೋದ್ರೆ?"

"ನಾಯಿ ಬರಲ್ಲ. ಗೊಂಬೆಗೆ ಟೋಪಿ ಹಾಕಿ ಕೂರಿಸಿದ್ರೂ ಬರಲ್ಲ, ಅದನ್ನೂ ಮಾಡಿರೋರು ಇದಾರೆ. ಹೊಟ್ಟೇಲಿರೋ ಮಗೂನೂ ಇಲ್ಲ, ಹುಟ್ಟಿ ಬಂದು ಸೀಟಲ್ಲಿ ಕೂತ್ಮೇಲೆ ಸೇರಿಸ್ಕೋತಾರೆ."

ಬ್ಯಾಟರಿ ಕಾರುಗಳ ವಿಷಯ ನಾನು ಕೇಳಿದೆ. ವಿಟ್ಲಾಕರ ಕಾರು ಅಂಥದ್ದು, ಅದರ ಹಿಂದೆ ಒಂದು ಸ್ಟಿಕ್ಕರ್ ಕೂಡ ಇತ್ತು. ಹೊಗೆ ಬಿಡದ ಕಾರಿಗೆಂದು ಆ ಸ್ಟಿಕ್ಕರಿಗೆ ಮೊದಲು ರಿಯಾಯಿತಿ ಇತ್ತು, ಸೆಪ್ಟೆಂಬರಿಗೆ ಮುಗಿದುಹೋಯಿತು, ಈಗ ಒಬ್ಬರೇ ಹೋದರೆ ಅವರೂ ಎಲ್ಲರ ಹಾಗೆ ಕಟ್ಟಬೇಕು ಎಂದರು ಪೆಪಾಂಗ್ ಅಕ್ಕ. ಒತಿಲಿಯಾ ನನ್ನ ಮುಖ ನೋಡಿದಳು.

ಅಷ್ಟರಲ್ಲಿ ಪೆಪಾಂಗ್ ಅಕ್ಕನ ಕಣ್ಣು ರುಫೀನೊನ ಕೈಯಲ್ಲಿದ್ದ ಹೆಲ್ಮೆಟ್ಟಿನ ಮೇಲೆ ಬಿತ್ತು. ಕೆಲಸಕ್ಕೆ ಬೈಕಿನಲ್ಲೇ ಹೋಗುತ್ತೀಯಾ ಎಂದು ಕೇಳಿದರು. ಹೌದು, ಆರು ವರ್ಷದಿಂದ ಅದೇ ಹೆದ್ದಾರಿಯಲ್ಲಿ, ಲಾರಿಗಳ ಸಂದಿಯಲ್ಲಿ ತೂರಿಕೊಂಡು ಹೋಗುತ್ತಿದ್ದೇನೆ ಎಂದ.

"ಬೈಕಿಗೆ ಆ ಲೇನು ಪೂರ್ತಿ ಬಿಟ್ಟಿ ಕಣಪ್ಪ. ಒಬ್ನೇ ಇದ್ರೂ ಬಿಟ್ಟಿ. ಆರು ವರ್ಷದಿಂದ ಲಾರಿ ಚಕ್ರದ ಪಕ್ಕ ಯಾಕೆ ಓಡಿಸ್ತಿದೀಯ?"

ರುಫೀನೊ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಹಾಗಂತ ಒಪ್ಪಿದ ಎಂದುಕೊಳ್ಳಬೇಡಿ. ಮನೆಗೆ ಹೋಗುವ ದಾರಿಯಲ್ಲಿ, ಹೇಳುವುದೇನೋ ಸುಲಭ, ಕಾಗದ ಬಂದಾಗ ಆ ಅಕ್ಕ ಬಂದು ನಿಲ್ಲುತ್ತಾಳಾ ಎಂದು ಗೊಣಗಿದ.

ಮುಂದಿನ ವಾರವೇ ಒತಿಲಿಯಾ ಟೋಲಿನವರ ಕೌಂಟರಿಗೆ ಹೋಗಿ ಫಾರ್ಮು ಬರೆದು ಟ್ಯಾಗ್ ತಂದಳು. ಕೌಂಟರಿನ ಹುಡುಗಿ ಅದನ್ನು ಕಂಪ್ಯೂಟರಿಗೆ ಹಾಕಿಕೊಂಡಳು. ಬರೆದ ಫಾರ್ಮಿನ ಒಂದು ನಕಲು ಕೊಡಿ ಎಂದು ಕೇಳು ಎಂದು ಪೆಪಾಂಗ್ ಅಕ್ಕ ಮೊದಲೇ ಹೇಳಿಕೊಟ್ಟಿದ್ದರು. ಒತಿಲಿಯಾ ಕೇಳಿ ತಂದಳು.

ಮೊದಲ ದಿನ ಆ ಲೇನಿಗೆ ಇಳಿಯುವ ಮುಂಚೆ ಗುಂಡಿ ಮೂರಕ್ಕಿದೆಯೇ ಎಂದು ಅವಳು ಎರಡು ಸಲ ನೋಡಿದಳು. ನಾನು ಸೀಟಿನ ಅಂಚು ಹಿಡಿದು ಕೂತಿದ್ದೆ. ಜೋಡಿ ಬಿಳಿ ಗೆರೆ ಇರುವಲ್ಲಿ ದಾಟಬಾರದು, ಗೆರೆ ತುಂಡು ತುಂಡಾಗಿರುವಲ್ಲಿ ಮಾತ್ರ ಒಳಗೆ ಹೋಗಬೇಕು. ತುಂಡು ಗೆರೆ ಬಂತು. ಅವಳು ಇಂಡಿಕೇಟರ್ ದೀಪ ಹಾಕಿ ಎಡಕ್ಕೆ ತಿರುಗಿಸಿದಳು. ಎಷ್ಟೋ ವರ್ಷಗಳ ಮೇಲೆ ಆ ವ್ಯಾನು ನಾಲ್ಕನೆಯ ಗೇರು ಕಂಡಿತು. ಬಲಗಡೆ ನಿಂತೇ ಇದ್ದ ಗಾಡಿಗಳು ಹಿಂದೆ ಹಿಂದೆ ಸರಿದವು. ಗುಡ್ಡದ ನೆತ್ತಿಯ ಗಾಳಿಯಂತ್ರಗಳು ಬಂದವು, ಹೋದವು. ಆರೂವರೆಗೆ ನಾವು ಕಾಲೇಜಿನಲ್ಲಿದ್ದೆವು. ಅರ್ಧ ಗಂಟೆ ಕೈಯಲ್ಲಿ. ಒತಿಲಿಯಾ ಗಾಡಿ ನಿಲ್ಲಿಸಿ, ಹಿಂದಿನ ಸೀಟಿಗೆ ಹೋಗಿ, ಮಗುವಿಗೆ ಅವಸರವಿಲ್ಲದೆ ಹಾಲೂಡಿಸಿದಳು. ಆ ನವೆಂಬರಿನಲ್ಲಿ ಅವಳು ಮೊದಲ ಸಲ ಹಾಗೆ ಕೂತಿದ್ದು.

ನಾಲ್ಕನೆಯ ದಿನ ಹಿಂದೆ ಕೆಂಪು ನೀಲಿ ದೀಪ ಹೊಳೆಯಿತು. ಹೆದ್ದಾರಿ ಪೊಲೀಸ್. ಒತಿಲಿಯಾ ರಸ್ತೆ ಬದಿಗೆ ನಿಲ್ಲಿಸಿ, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟುಕೊಂಡಳು. ಪೊಲೀಸಿನವನು ಕಿಟಕಿಗೆ ಬಗ್ಗಿದ. ಟ್ಯಾಗು ಮೂರು ತೋರಿಸುತ್ತಿದೆ, ನನಗೆ ಎರಡು ತಲೆ ಮಾತ್ರ ಕಾಣುತ್ತಿದೆ ಎಂದ. ಅವನ ದನಿಯಲ್ಲಿ ಕೋಪವೇನೂ ಇರಲಿಲ್ಲ, ಆದರೆ ತಪ್ಪು ಹಿಡಿದೆ ಎನ್ನುವ ನೆಮ್ಮದಿ ಇತ್ತು.

ಒತಿಲಿಯಾ ಸ್ಟಿಯರಿಂಗಿನಿಂದ ಕೈ ಎತ್ತದೆ ಅವನ ಕಡೆ ಮುಖ ತಿರುಗಿಸಿದಳು.

"ಇನ್ನೊಂದ್ಸಲ ಎಣಿಸಿ, ಸರ್. ಹಿಂದಿನ ಸೀಟಿಂದ ಶುರು ಮಾಡಿ."

ನೋಯೆಮಿಯ ಸೀಟು ಹಿಂದಕ್ಕೆ ಮುಖ ಮಾಡಿತ್ತು, ಮೇಲೆ ಬಿಸಿಲಿನ ಬಟ್ಟೆ. ಪೊಲೀಸಿನವನು ಹಿಂದಿನ ಗಾಜಿನಿಂದ ಇಣುಕಿದ. ಮಗು ನಿದ್ದೆಯಿಂದ ಎಚ್ಚೆತ್ತು ತನ್ನ ಕಾಲ್ಚೀಲವನ್ನು ಬಾಯಿಗೆ ಹಾಕಿಕೊಂಡು ಅವನನ್ನೇ ನೋಡುತ್ತಿತ್ತು. ಅವನು ಟೋಪಿಯ ಅಂಚು ಮುಟ್ಟಿ, ಸರಿ, ಮೂರು, ಹೋಗಿ ಎಂದ. ಬೆಲ್ಟ್ ಸರಿಯಾಗಿ ಹಾಕಿದ್ದೀರಿ ಎಂದೂ ಹೇಳಿದ.

ಸಂಜೆ ಇದನ್ನು ಕೇಳಿದ ರುಫೀನೊ ಊಟದ ತಟ್ಟೆ ಸರಿಸಿದ. ಪೊಲೀಸರಿಗೆ ಎದುರುತ್ತರ ಕೊಟ್ಟೆಯಾ ಎಂದು ಕೇಳಿದ. ಎದುರುತ್ತರ ಅಲ್ಲ, ಲೆಕ್ಕ ಹೇಳಿದೆ ಎಂದಳು ಒತಿಲಿಯಾ.

ಡಿಸೆಂಬರ್ ಮೊದಲ ವಾರ ಆ ಕಾಗದ ಬಂದೇ ಬಂತು. ಇಂಥ ದಿನ, ಬೆಳಿಗ್ಗೆ ಆರು ಗಂಟೆ ನಾಲ್ಕು ನಿಮಿಷಕ್ಕೆ, ಟ್ಯಾಗ್ ಇಲ್ಲದ ಗಾಡಿಯೊಂದು ಲೇನಿನಲ್ಲಿ ಹೋಗಿದೆ, ಟೋಲೂ ದಂಡವೂ ಕಟ್ಟಿ ಎಂದಿತ್ತು. ಜೊತೆಗೆ ವ್ಯಾನಿನ ಹಿಂಭಾಗದ ಫೋಟೊ. ರುಫೀನೊ ಅದನ್ನು ಮೇಜಿನ ಮೇಲಿಟ್ಟು ನಮ್ಮಿಬ್ಬರನ್ನೂ ನೋಡಿದ. ನಾನು ಹೇಳಿರಲಿಲ್ಲವೇ ಎಂದು ಅವನು ಅನ್ನಲಿಲ್ಲ. ಅದಕ್ಕಿಂತ ಕಷ್ಟದ ಮಾತು ಹೇಳಿದ.

"ಕಟ್ಬಿಡೋಣ ಕಣೇ. ನಮ್ ಹೆಸರು ಅವರ ಕಡತದಲ್ಲಿ ಉಳಿಯೋದು ಬೇಡ. ಕಟ್ಟಿ ಸುಮ್ನಾಗೋಣ."

"ತಪ್ಪು ಮಾಡಿದ್ರೆ ಇವತ್ತೇ ಕಟ್ತಿದ್ದೆ," ಎಂದಳು ಒತಿಲಿಯಾ. "ಮೂರು ಜನ ಇದ್ವಿ. ಟ್ಯಾಗ್ ಗಾಜಲ್ಲೇ ಇತ್ತು, ಮೂರಕ್ಕೇ ಇತ್ತು. ಕಟ್ಟಿದ್ರೆ ನಾನು ಸುಳ್ಳು ಹೇಳಿದೆ ಅಂತ ನಾನೇ ರುಜು ಹಾಕ್ದಂಗೆ. ನಾನು ಹಾಕಲ್ಲ."

ಅವಳು ಆಕ್ಷೇಪಣೆ ಬರೆದು ಕಳಿಸಿದಳು. ಎರಡು ವಾರಕ್ಕೆ ಅಚ್ಚು ಹಾಕಿದ ಉತ್ತರ ಬಂತು. ಈ ನಂಬರಿನ ಗಾಡಿ ನಮ್ಮ ಯಾವ ಖಾತೆಯಲ್ಲೂ ಇಲ್ಲ, ಆಕ್ಷೇಪಣೆ ತಿರಸ್ಕರಿಸಲಾಗಿದೆ. ನಾನೇ ಅವತ್ತು ಸೋತ ಹಾಗಾಗಿದ್ದೆ. ಒತಿಲಿಯಾ ಆ ಕಾಗದದ ಹಿಂಭಾಗ ತಿರುಗಿಸಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ, ಖುದ್ದು ವಿಚಾರಣೆ ಕೇಳಬಹುದು ಎಂದಿತ್ತು. ಕೊನೆಯ ದಿನಾಂಕವೂ ಇತ್ತು. ಅವಳು ಕೇಳಿದಳು.

ಶನಿವಾರ ಪೆಪಾಂಗ್ ಅಕ್ಕ ಲೈಬ್ರರಿಯ ಕಂಪ್ಯೂಟರಿನಲ್ಲಿ ಅವಳ ಟ್ಯಾಗಿನ ಖಾತೆ ತೆಗೆದರು. ಕನ್ನಡಕ ಮೇಲೆ ಕೆಳಗೆ ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಫಾರ್ಮಿನ ನಕಲನ್ನು ಪಕ್ಕದಲ್ಲಿಟ್ಟು ಬೆರಳಿಟ್ಟು ತೋರಿಸಿದರು. ಗಾಡಿಯ ನಂಬರಿನಲ್ಲಿ ಒಂದು ಸೊನ್ನೆಯಿದೆ. ಅಕ್ಷರವೆಂದು ಓದಬಾರದೆಂದು ಒತಿಲಿಯಾ ಅದರ ಮೇಲೆ ಅಡ್ಡಗೆರೆ ಎಳೆದು ಸರಿಯಾಗಿಯೇ ಬರೆದಿದ್ದಳು. ಕೌಂಟರಿನವರು ಕಂಪ್ಯೂಟರಿಗೆ ಹಾಕುವಾಗ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಒತ್ತಿದ್ದರು. ಇನ್ನೂ ಒಂದು ಸಂಗತಿ ಸಿಕ್ಕಿತು. ಲೇನಿನ ಉದ್ದಕ್ಕೂ ಟ್ಯಾಗ್ ಓದುವ ಕಮಾನುಗಳಿವೆ. ಕಾಗದದಲ್ಲಿದ್ದ ಆ ದಿನ ಐದು ಗಂಟೆ ಐವತ್ತೆಂಟು ನಿಮಿಷಕ್ಕೆ ಮೊದಲ ಕಮಾನು ಅವಳ ಟ್ಯಾಗನ್ನು ಓದಿತ್ತು, ಮೂರು ಎಂದೇ ಓದಿತ್ತು. ಎರಡನೆಯ ಕಮಾನು ಯಾಕೋ ಓದಿರಲಿಲ್ಲ. ಓದದಿದ್ದಾಗ ಫೋಟೊ ತೆಗೆದು ನಂಬರ್ ಹುಡುಕುತ್ತಾರೆ. ಓ ಇರುವಲ್ಲಿ ಸೊನ್ನೆ ಹುಡುಕಿದರೆ ಎಲ್ಲಿ ಸಿಗುತ್ತದೆ?

ಇಷ್ಟೇ ಸಾಲದು ಎಂದರು ಪೆಪಾಂಗ್ ಅಕ್ಕ. ಗುಂಡಿಯನ್ನು ಯಾರು ಬೇಕಾದರೂ ಮೂರಕ್ಕೆ ಸರಿಸಬಹುದು. ಅವತ್ತು ನಿಜವಾಗಿಯೂ ಮೂರು ಜನ ಇದ್ದಿರಿ ಎನ್ನುವುದಕ್ಕೆ ಏನಾದರೂ ಬೇಕು ಎಂದರು. ಶಿಶುವಿಹಾರದಲ್ಲಿ ಮಗುವನ್ನು ಬಿಡುವಾಗ ಸಮಯ ಬರೆದು ಸಹಿ ಹಾಕುತ್ತೇವಲ್ಲ ಎಂದು ನನಗೇ ಹೊಳೆಯಿತು. ಅಲ್ಲಿಯವರು ಆ ಪುಟದ ನಕಲನ್ನು ಕೂಡಲೇ ಕೊಟ್ಟರು. ನಮ್ಮಿಬ್ಬರ ಹಾಜರಿಯ ನಕಲು ಕೊಡಬೇಕಾದವರು ವಿಟ್ಲಾಕ್.

ನಾವು ಅವರ ಕೋಣೆಗೆ ಹೋದೆವು. ಇದೆಲ್ಲ ಯಾಕೆ ಬೇಕು, ದಂಡ ಕಟ್ಟಿದರೆ ಮುಗಿಯಿತು, ಅಕ್ಟೋಬರಿನಿಂದ ನಾನೂ ಟೋಲ್ ಕಟ್ಟುತ್ತಿದ್ದೇನೆ, ಎಲ್ಲರೂ ಕಟ್ಟುತ್ತಾರೆ ಎಂದರು. ಕೆಟ್ಟ ಮನುಷ್ಯನೇನಲ್ಲ. ಆ ಬೆಳಿಗ್ಗೆ ಅವರಿಗೆ ನಕಲು ತೆಗೆಯುವ ಉತ್ಸಾಹ ಇರಲಿಲ್ಲ, ಅಷ್ಟೇ. ಒತಿಲಿಯಾ ಕದಲಲಿಲ್ಲ.

"ನೀವು ಒಬ್ರೇ ಬರ್ತೀರ ಸರ್, ಅದಕ್ಕೆ ಕಟ್ತೀರ. ಅದು ಸರಿ. ನಾವು ಮೂರು ಜನ ಬರ್ತೀವಿ. ರೂಲ್ಸ್ ಬರ್ದೋರು ನಮಗೂ ಒಂದು ಸಾಲು ಬರ್ದಿದಾರೆ. ನಕಲು ಕೊಡಿ, ನಾನು ಇಲ್ಲೇ ನಿಂತಿರ್ತೀನಿ."

ಅವರು ನಕಲು ಕೊಟ್ಟರು.

ವಿಚಾರಣೆ ಜನವರಿಯ ಒಂದು ಗುರುವಾರ. ಒತಿಲಿಯಾ, ಮಗು, ನಾನು, ಪೆಪಾಂಗ್ ಅಕ್ಕ ಹೊರಟು ನಿಂತಿದ್ದೆವು. ರುಫೀನೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ವ್ಯಾನು ಹತ್ತಿದ. ಅಂಗಡಿಗೆ ರಜೆ ಹೇಳಿದ್ದ.

ಅಧಿಕಾರಿ ಲಿಂಡ್‌ಕ್ವಿಸ್ಟ್ ಎನ್ನುವ ಹೆಂಗಸು. ಎದುರಿಗೆ ಕಾಗದದ ಗುಡ್ಡೆ, ಮುಖದಲ್ಲಿ ಆಯಾಸ. ದುಭಾಷಿ ಬೇಕೇ ಎಂದು ಕೇಳಿದರು. ಇರಲಿ, ತಪ್ಪಾದರೂ ನಾನೇ ಇಂಗ್ಲಿಷಿನಲ್ಲಿ ಹೇಳುತ್ತೇನೆ ಎಂದಳು ಒತಿಲಿಯಾ. ಫಾರ್ಮು ಇಟ್ಟಳು, ಸೊನ್ನೆ ತೋರಿಸಿದಳು. ಖಾತೆಯ ಪುಟ ಇಟ್ಟಳು. ಅಧಿಕಾರಿ ಓದಿ, ಓ ಅಕ್ಷರದ ತಪ್ಪು ನಮ್ಮದು ಎನ್ನುವುದು ಕಾಣುತ್ತದೆ ಎಂದರು. ಆದರೆ ಮೂರು ಜನ ಇದ್ದಿರಿ ಎಂದು ನಾನು ಹೇಗೆ ನಂಬಲಿ, ಫೋಟೊದಲ್ಲಿ ಒಬ್ಬರ ತಲೆಯೂ ಕಾಣುವುದಿಲ್ಲ ಎಂದರು.

ಒತಿಲಿಯಾ ಹಾಜರಿಯ ನಕಲುಗಳನ್ನು ಮುಂದಿಟ್ಟಳು. ಅವಳದು, ನನ್ನದು, ಆರು ಐವತ್ತೆರಡು. ಆಮೇಲೆ ಶಿಶುವಿಹಾರದ ಪುಟ. ನೋಯೆಮಿ ಬರಾಹಾಸ್, ಒಳಗೆ ಬಂದಿದ್ದು ಆರು ಮೂವತ್ತೊಂಬತ್ತು.

"ಮನೆಯಿಂದ ಅಲ್ಲಿಗೆ ಬೇರೆ ದಾರಿ ಇಲ್ಲ ಮೇಡಂ," ಎಂದಳು. "ಈ ಮಗು ನಡೆದು ಬರಲಿಲ್ಲ."

ಅಧಿಕಾರಿಯ ತುಟಿ ಸ್ವಲ್ಪ ಅಲುಗಿತು. ಆದರೂ ಒಂದು ಮಾತು ಕೇಳಿದರು. ಈ ದಂಡ ಅಷ್ಟು ದೊಡ್ಡದಲ್ಲ, ಇದಕ್ಕಾಗಿ ಇಷ್ಟು ಜನ ಕೆಲಸ ಬಿಟ್ಟು ಬಂದಿದ್ದೀರಿ, ಯಾಕೆ?

ಒತಿಲಿಯಾ ಪದ ಹುಡುಕುತ್ತಿದ್ದಳು. ಉತ್ತರ ಕೊಟ್ಟಿದ್ದು ರುಫೀನೊ. ಅವನು ಎದ್ದು ನಿಂತಿದ್ದ. ಹೇಳುವಾಗ ಮೇಜಿನ ಅಂಚು ಹಿಡಿದುಕೊಂಡಿದ್ದ.

"ಕಟ್ಟು ಅಂತ ನಾನೇ ಹೇಳಿದ್ದೆ, ಮೇಡಂ. ಹೆದರಿ ಹೇಳಿದ್ದೆ. ನನ್ನ ಹೆಂಡತಿ, ನನ್ನ ಮಗಳು, ಈ ಅಕ್ಕ, ಮೂರು ಜನ ಆ ಗಾಡೀಲಿದ್ರು. ನಿಮ್ಮ ಪುಸ್ತಕದಲ್ಲಿ ಅವರಿಲ್ಲ ಅಂತ ಬರ್ದಿದೆ. ಅದನ್ನ ತಿದ್ದಿ."

ಅವರು ತಿದ್ದಿದರು. ನೋಟಿಸ್ ರದ್ದಾಯಿತು. ಖಾತೆಯಲ್ಲಿ ಓ ತೆಗೆದು ಸೊನ್ನೆ ಹಾಕಿಸಿ, ಅದರ ಪ್ರತಿ ಕೈಗೆ ಬರುವ ತನಕ ಒತಿಲಿಯಾ ಕುರ್ಚಿ ಬಿಟ್ಟು ಏಳಲಿಲ್ಲ. ಹೊರಗೆ ಬಂದ ಮೇಲೆ ರುಫೀನೊ ಮೆಟ್ಟಿಲ ಮೇಲೆ ಕೂತ. ಆಮೇಲೆ ಪೆಪಾಂಗ್ ಅಕ್ಕನ ಕಡೆ ತಿರುಗಿ, ಬೈಕಿನ ಟ್ಯಾಗಿಗೂ ಇದೇ ಫಾರ್ಮೇ ಎಂದು ಕೇಳಿದ. ಅದೇ ಫಾರ್ಮು, ಬೈಕಿಗೆ ಒಬ್ಬನೇ ಇದ್ದರೂ ಗುಂಡಿ ಮೂರಕ್ಕೇ ಇಡಬೇಕೆಂದು ನಿಯಮ, ನಂಬರನ್ನು ಅವರು ಒತ್ತುವಾಗ ಕಣ್ಣಿಟ್ಟು ನೋಡು ಎಂದರು ಅವರು.

ಈಗ ನಮ್ಮ ಕಾಲೇಜಿನ ಹದಿನಾಲ್ಕು ಕೆಲಸದವರು ನಾಲ್ಕು ಗಾಡಿಗಳಲ್ಲಿ ಬರುತ್ತಾರೆ. ಒತಿಲಿಯಾ ಬೆಳಗಿನ ಪಾಳಿಯಲ್ಲೇ ಇದ್ದಾಳೆ. ಯಾರ ಗಾಡಿಯಲ್ಲಾದರೂ ಇಬ್ಬರೇ ಉಳಿದ ದಿನ ಗುಂಡಿ ಎರಡಕ್ಕೆ ಬರುತ್ತದೆ, ಅರ್ಧ ಟೋಲು ಕಟ್ಟುತ್ತಾರೆ. ಇಲ್ಲದವರನ್ನು ಇದ್ದಾರೆ ಎನ್ನುವುದಿಲ್ಲ. ಇದ್ದವರನ್ನು ಇಲ್ಲ ಎನ್ನಲೂ ಬಿಡುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾಳೆ ಬೆಳಿಗ್ಗೆ ಗಾಡಿ ಹತ್ತಿದಾಗ ಒಮ್ಮೆ ಹಿಂದೆ ತಿರುಗಿ ಎಣಿಸಿ. ಮಗುವನ್ನು ಬಿಡಬೇಡಿ, ನಿದ್ದೆ ಹೋಗಿರುವ ಅಜ್ಜಿಯನ್ನೂ ಬಿಡಬೇಡಿ. ನಿಮ್ಮ ರಸ್ತೆಯ ಬೋರ್ಡಿನಲ್ಲಿ ದರದ ಕೆಳಗೆ ಏನು ಬರೆದಿದೆ ಎಂದು ಪೂರ್ತಿ ಓದಿ. ಒಂದೊಂದು ರಸ್ತೆಗೆ ಒಂದೊಂದು ನಿಯಮ ಇರುತ್ತದೆ, ಕೆಲವು ಕಡೆ ಇಬ್ಬರಿದ್ದರೂ ಸಾಕು, ಮತ್ತೆ ನಿಯಮಗಳು ಬದಲಾಗುತ್ತಲೂ ಇರುತ್ತವೆ. ಟ್ಯಾಗ್ ತೆಗೆದುಕೊಳ್ಳಿ, ಗಾಜಿಗೆ ಅಂಟಿಸಿ, ಚೀಲದಲ್ಲಿ ಇಡಬೇಡಿ. ನಂಬರ್ ಸರಿಯಾಗಿ ಬಿದ್ದಿದೆಯೇ ಎಂದು ನಿಮ್ಮ ಕಣ್ಣಿಂದಲೇ ನೋಡಿ. ತಪ್ಪು ನೋಟಿಸ್ ಬಂದರೆ ಹೆದರಿ ಕಟ್ಟಬೇಡಿ, ಬಚ್ಚಿಡಲೂ ಬೇಡಿ. ಕಾಗದದ ಹಿಂಭಾಗ ಓದಿ, ಕೊನೆಯ ದಿನಾಂಕ ದಾಟುವ ಮೊದಲು ಉತ್ತರ ಬರೆಯಿರಿ. ಒಮ್ಮೆ ಇಲ್ಲ ಎಂದರೆ ಇನ್ನೊಮ್ಮೆ ಕೇಳಿ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ನಮ್ಮನ್ನು ಕರೆಯಿರಿ, ಬರುತ್ತೇವೆ.

ಆ ಲೇನನ್ನು ನಮ್ಮ ನಿಮ್ಮ ತೆರಿಗೆಯಿಂದಲೂ ಕಟ್ಟಿದ್ದಾರೆ. ಅಲ್ಲಿ ಹೋಗಲು ಯಾರ ಅಪ್ಪಣೆಯೂ ಬೇಡ. ಮೂರು ಜನ ಇದ್ದೀರಾ? ಹಾಗಾದರೆ ದೀಪ ಹಾಕಿ, ಕನ್ನಡಿ ನೋಡಿ, ಎಡಗಡೆಗೆ ಬನ್ನಿ.